ಶಬ್ದಗಳ ಕುಲವೂ ಸಭೆಯ ಮರ್ಯಾದೆಯೂ

ಶಬ್ದಗಳ ಹುಟ್ಟನ್ನು ಕೆದಕಿ ಜಗಳ ಹೂಡುವ ಅಭ್ಯಾಸವು ನಮ್ಮ ಸಭೆಗಳಲ್ಲಿಯೂ ಪತ್ರವ್ಯವಹಾರಗಳಲ್ಲಿಯೂ ಬೆಳೆಯುತ್ತಿರುವುದನ್ನು ವಾಚಕರು ಕಂಡಿರಬಹುದು. ಒಬ್ಬನು ‘ಅರ್ಜಿ’ ಎಂದರೆ ಇನ್ನೊಬ್ಬನು ಎದ್ದು, ಅದು ಅರಬ್ಬಿಯದು, ‘ವಿಜ್ಞಾಪನೆ’ ಎನ್ನತಕ್ಕದ್ದು ಎನ್ನುತ್ತಾನೆ. ಮೂರನೆಯವನು ಅದು ಸಂಸ್ಕೃತವೆಂದು ಆಕ್ಷೇಪಿಸಿ ‘ಬಿನ್ನಹ’ವೇ ಅಚ್ಚಗನ್ನಡವೆಂದು ಸಾರುತ್ತಾನೆ, ಆ ‘ಬಿನ್ನಹ’ವಾದರೋ ‘ವಿಜ್ಞಾಪನೆ’ಯ ತದ್ಭವವೇ! ಇಷ್ಟಕ್ಕೇ ಮುಗಿದಿದ್ದರೆ ವಿನೋದವೆಂದು ಸುಮ್ಮನಿರಬಹುದಾಗಿತ್ತು. ಆದರೆ ಶಬ್ದದ ಕುಲವನ್ನು ಕೇಳಿದ ನಾಲಿಗೆಯು ಮರುಗಳಿಗೆಯಲ್ಲಿಯೇ ಆಡಿದವನ ಕುಲವನ್ನೂ ಕೇಳತೊಡಗುತ್ತದೆ. ಕನ್ನಡ, ಉರ್ದು, ಮರಾಠಿ, ತೆಲುಗುಗಳು ಒಂದೇ ಪೇಟೆಯಲ್ಲಿ ವ್ಯವಹರಿಸುವ ಕಲಬುರಗಿಯಂಥ ಊರಿನಲ್ಲಿ ಇದು ಅಲ್ಪ ವಿಷಯವಲ್ಲ.

ಈ ಸಿಟ್ಟಿಗೆ ಕಾರಣವೇ ಇಲ್ಲವೆಂದು ನಾವು ಹೇಳುವುದಿಲ್ಲ. 1347ರಲ್ಲಿ ಬಹಮನಿ ಅರಸರು ಇಲ್ಲಿ ರಾಜಧಾನಿಯನ್ನು ಸ್ಥಾಪಿಸಿದಂದಿನಿಂದ ಪಾರಸಿಯು ದರಬಾರಿನ ಭಾಷೆಯಾಯಿತು. ನಿಜಾಮರ ಆಳಿಕೆಯಲ್ಲಿ ಮೊದಲು ಪಾರಸಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಉರ್ದು, ರಾಜಭಾಷೆಗಳಾಗಿದ್ದವು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ದೇಶಭಾಷೆಯೊಂದರಲ್ಲಿ ಉಚ್ಚಶಿಕ್ಷಣವನ್ನು ಕೊಟ್ಟಿತೆಂಬ ಕೀರ್ತಿಗೆ ಪಾತ್ರವಾದರೂ, ಆ ದೇಶಭಾಷೆ ಉರ್ದುವಾಗಿತ್ತೇ ಹೊರತು ಕನ್ನಡವಾಗಿರಲಿಲ್ಲ. ತನ್ನ ಹೊಲದ ಕಾಗದವನ್ನು ತಾನು ಓದಲಾರದೆ, ಓದಬಲ್ಲವನ ಬಾಯನ್ನು ನಂಬಿಕೊಂಡು ರೈತನು ಬಾಳಬೇಕಾಯಿತು. ಇದು ಅನ್ಯಾಯವೇ ಸರಿ. 1948ರ ಸೆಪ್ಟೆಂಬರ್ 17ರಂದು ಆ ಆಳಿಕೆ ಮುಗಿಯಿತು. 1956ರಲ್ಲಿ ಈ ಭಾಗವು ಏಕೀಕೃತ ರಾಜ್ಯವನ್ನು ಸೇರಿತು. 1963ರ ರಾಜಭಾಷಾ ಶಾಸನವು ಕನ್ನಡಕ್ಕೆ ಅದರ ಪೀಠವನ್ನು ಕೊಟ್ಟಿತು. ಆದರೆ ಅನ್ಯಾಯವು ಎಲ್ಲಿತ್ತೆಂಬುದನ್ನು ಸರಿಯಾಗಿ ಗುರುತಿಸಬೇಕು. ಅದು ‘ಅರ್ಜಿ’ ಎಂಬ ಎರಡಕ್ಷರದಲ್ಲಿ ಇರಲಿಲ್ಲ. ಅರ್ಜಿಯ ಒಳಗೆ ಏನು ಬರೆದಿದೆಯೆಂಬುದು ಅರ್ಜಿದಾರನಿಗೆ ತಿಳಿಯದಿದ್ದುದರಲ್ಲಿ ಇತ್ತು.

ಶರಣಸಿರಸಗಿಯ ರೈತನೊಬ್ಬನು ಇಂದು ಕಲಬುರಗಿಯ ಕಚೇರಿಗೆ ಹೋದನೆಂದು ಭಾವಿಸೋಣ. ಅವನು ತಹಸೀಲ್ದಾರರನ್ನು ಕಾಣುತ್ತಾನೆ. ಜಮೀನಿನ ನಕಲು ಕೇಳುತ್ತಾನೆ. ಬಾಕಿಯನ್ನು ಕಟ್ಟಿ ರಸೀದಿ ಪಡೆಯುತ್ತಾನೆ. ಫಸಲು ಕೆಟ್ಟಿತೆಂದು ಹೇಳಿಕೊಳ್ಳುತ್ತಾನೆ. ಮಗ್ಗುಲಿನವನ ತಕರಾರನ್ನು ವಕೀಲನಿಗೆ ಒಪ್ಪಿಸುತ್ತಾನೆ. ಇವೆಲ್ಲ ಅರಬ್ಬೀ ಪಾರಸಿಗಳಿಂದ ಬಂದ ಶಬ್ದಗಳೇ. ಒಣಬೇಸಾಯದ ಭೂಮಿಯನ್ನು ‘ಖುಷ್ಕಿ’ಯೆಂದೂ ನೀರಾವರಿಯದನ್ನು ‘ತರಿ’ಯೆಂದೂ ಕರೆಯುವವನಿಗೆ, ಪಾರಸಿಯಲ್ಲಿ ಅವಕ್ಕೆ ಒಣಗಿದ್ದು, ಹಸಿಯಾದದ್ದು ಎಂಬ ಅರ್ಥವಿದೆಯೆಂದು ಯಾರೂ ಬೋಧಿಸಬೇಕಾಗಿಲ್ಲ; ಅವನ ಕಾಲಡಿಯ ಮಣ್ಣೇ ಅದನ್ನು ಬೋಧಿಸಿದೆ. ‘ರೈತ’ನೆಂಬ ಹೆಸರೇ ಅರಬ್ಬಿಯ ‘ರಯತ್’ನಿಂದ ಬಂದುದು. ಈ ಶಬ್ದಗಳನ್ನೆಲ್ಲ ಒಮ್ಮೆಗೆ ಗಡೀಪಾರು ಮಾಡಿದರೆ ಉಳಿಯುವುದು ಶುದ್ಧಕನ್ನಡವಲ್ಲ, ಮಾತು ಕಳೆದುಕೊಂಡ ರೈತನು.

ಬಂದ ಶಬ್ದಗಳು ಬಂದಂತೆಯೇ ಇರುವುದಿಲ್ಲವೆಂಬುದನ್ನೂ ಗಮನಿಸಬೇಕು. ಅರಬ್ಬಿಯಲ್ಲಿ ‘ತಕರಾರು’ ಎಂದರೆ ಮತ್ತೆ ಮತ್ತೆ ಹೇಳುವುದು. ನಮ್ಮಲ್ಲಿ ಅದು ಆಕ್ಷೇಪವಾಯಿತು. ‘ಕಾನೂನು’, ‘ದಫ್ತರ’ ಎಂಬಿವು ಅರಬ್ಬರಿಗೂ ಸ್ವಂತದವಲ್ಲ. ಅವುಗಳ ಮೂಲ ಗ್ರೀಕರ ಭಾಷೆಯಲ್ಲಿದೆ. ‘ಶರಣ’ವೆಂಬುದಕ್ಕೆ ಸಂಸ್ಕೃತದಲ್ಲಿ ಆಶ್ರಯ, ರಕ್ಷಣೆ ಎಂದರ್ಥ, ಅದನ್ನು ಶಿವಭಕ್ತನ ಹೆಸರನ್ನಾಗಿ ಮಾಡಿ ಮನೆಮನೆಗೆ ಮುಟ್ಟಿಸಿದವರು ನಮ್ಮ ವಚನಕಾರರು. ಇನ್ನು, ಕನ್ನಡಿಗರ ಹಕ್ಕಿಗಾಗಿ ಹೋರಾಡುವೆವೆಂದು ಗರ್ಜಿಸುವ ಮಹನೀಯರು ‘ಹಕ್ಕು’ ಎಂಬುದು ಅರಬ್ಬಿಯೆಂಬುದನ್ನು ನೆನೆಯುವರೇ? ಆ ಶಬ್ದವನ್ನು ಅವರು ಬಿಡಬೇಕಾಗಿಲ್ಲ. ಅದು ಈಗ ನಮ್ಮದು.

ಪೂರ್ವಕವಿಗಳ ಸಾಕ್ಷಿಯೂ ಈ ಜಿಲ್ಲೆಯಲ್ಲಿಯೇ ಆರಂಭವಾಗುತ್ತದೆ. ಕಾಗಿಣೆಯ ದಂಡೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡದಲ್ಲಿ ಸಂಸ್ಕೃತವನ್ನು ಹೇಗೆ ಬೆರಸತಕ್ಕದ್ದೆಂಬುದನ್ನು ವಿಚಾರಿಸುತ್ತದೆ, ಹೊಂದದ ಸಮಾಸವು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎಂದು ಎಚ್ಚರಿಸುತ್ತದೆ. ಹನ್ನೆರಡನೆಯ ಶತಮಾನದ ನಯಸೇನನು ತುಪ್ಪವನ್ನೂ ಎಣ್ಣೆಯನ್ನೂ ಬೆರಸುವವರನ್ನು ಹಳಿದನು. ಆಂಡಯ್ಯನು ಸಂಸ್ಕೃತದ ತತ್ಸಮಗಳನ್ನು ಬಿಟ್ಟು ಕಾವ್ಯವನ್ನೇ ಬರೆದು ತೋರಿಸಿದನು. ಆದರೆ ಆತನೂ ತದ್ಭವಗಳಿಗೆ ಬಾಗಿಲು ಮುಚ್ಚಲಿಲ್ಲ. ಹದ ಕೆಡಬಾರದೆಂಬುದು ಇವರ ಚಿಂತೆಯಾಗಿತ್ತು. ನಮ್ಮ ನಾಲಿಗೆಗೆ ಒಗ್ಗಿದ ಶಬ್ದದ ಹುಟ್ಟನ್ನು ಹಿಡಿದು ಅದನ್ನು ಹೊರಗಟ್ಟಿದವರು ಇವರಲ್ಲಿ ಒಬ್ಬರೂ ಇಲ್ಲ.

ಇಂಗ್ಲಿಷರ ಚರಿತ್ರೆಯೂ ಈ ವಿಷಯದಲ್ಲಿ ಮನನೀಯವಾಗಿದೆ. 1066ರಲ್ಲಿ ನಾರ್ಮನರು ಆ ದೇಶವನ್ನು ಗೆದ್ದ ಬಳಿಕ ಅಲ್ಲಿಯ ನ್ಯಾಯಾಲಯಗಳಲ್ಲಿ ಫ್ರೆಂಚ್ ಭಾಷೆ ಬೇರೂರಿತು. ಜನರಿಗೆ ಫ್ರೆಂಚ್ ತಿಳಿಯದು, ಆದಕಾರಣ ವಾದಗಳು ಇಂಗ್ಲಿಷಿನಲ್ಲಿ ನಡೆಯತಕ್ಕವು ಎಂದು 1362ರಲ್ಲಿ ಶಾಸನವಾಯಿತು. ಆ ಶಾಸನವನ್ನು ಬರೆದದ್ದೂ ಫ್ರೆಂಚಿನಲ್ಲಿಯೇ! ನ್ಯಾಯಾಲಯದ ದಾಖಲೆಗಳಿಂದ ಲ್ಯಾಟಿನ್ ತೊಲಗಿದ್ದು 1733ರಲ್ಲಿ. ಹೀಗೆ ವ್ಯವಹಾರವೆಲ್ಲ ಜನರ ಭಾಷೆಗೆ ತಿರುಗಿತು. ಆದರೆ ‘ಕೋರ್ಟ್’, ‘ಜಡ್ಜ್’, ‘ಜಸ್ಟಿಸ್’, ‘ಟ್ಯಾಕ್ಸ್’, ‘ಪಾರ್ಲಿಮೆಂಟ್’ ಎಂಬ ಫ್ರೆಂಚ್ ಶಬ್ದಗಳನ್ನು ಅವರು ಹೊರಗೆ ಹಾಕಲಿಲ್ಲ. ನಾವು ಇಂಗ್ಲಿಷೆಂದು ಹೆದರುವ ಅಥವಾ ಹೆಮ್ಮೆಪಡುವ ಶಬ್ದಗಳಲ್ಲಿ ಬಹುಪಾಲು ಹೊರಗಿನಿಂದ ಬಂದವೇ. ನಮ್ಮ ಪಶ್ಚಿಮ ಕರಾವಳಿಯ ಅಡಿಕೆಯೂ ಪೋರ್ತುಗೀಜರ ಬಾಯಿಂದ ‘ಅರೀಕಾ’ ಆಗಿ ಅಲ್ಲಿ ಸೇರಿಕೊಂಡಿದೆ. ವ್ಯವಹಾರದ ಭಾಷೆಯನ್ನು ಬದಲಿಸಬೇಕು. ಬಳಕೆಯ ಶಬ್ದಗಳನ್ನು ಬೇಟೆಯಾಡಬಾರದು.

ಹಾಗಾದರೆ ನಮ್ಮ ಕಚೇರಿಗಳಲ್ಲಿ ವ್ಯವಹಾರವು ನಿಜವಾಗಿ ಬದಲಾಗಿದೆಯೇ? ಲಿಪಿ ಬದಲಾಗಿದೆ. ಆದರೆ ಉದ್ದುದ್ದ ಸಂಸ್ಕೃತ ಸಮಾಸಗಳಿಂದ ಹೆಣೆದ ಪ್ರಕಟಣೆಗಳೂ, ಕನ್ನಡ ಅಕ್ಷರಗಳಲ್ಲಿ ಬರೆದ ‘ಮ್ಯುಟೇಶನ್’ನಂಥ ಇಂಗ್ಲಿಷೂ ರೈತನನ್ನು ಪುನಃ ಓದಬಲ್ಲವನ ಬಾಗಿಲಿಗೇ ಕಳುಹಿಸುತ್ತಿವೆ. ಉರ್ದುವಿನ ಕಾಲದಲ್ಲಿ ತಿಳಿಯದಿದ್ದುದು ಕನ್ನಡದ ಕಾಲದಲ್ಲಿಯೂ ತಿಳಿಯದಿದ್ದರೆ, ಆಗಿನ ಅನ್ಯಾಯಕ್ಕೂ ಈಗಿನದಕ್ಕೂ ವ್ಯತ್ಯಾಸವೇನು? 2014ರ ನವೆಂಬರ್ 1ರಂದು ಗುಲ್ಬರ್ಗವು ಅಧಿಕೃತವಾಗಿ ಕಲಬುರಗಿಯಾದುದು ಸರಿಯಾದ ಕಾರ್ಯ. ಏಕೆಂದರೆ ಕನ್ನಡ ಜನರ ನಾಲಿಗೆಯ ಮೇಲಿದ್ದ ಹೆಸರು ಅದೇ. ಅದೇ ನ್ಯಾಯದಿಂದ, ಜನರ ನಾಲಿಗೆಯ ಮೇಲಿರುವ ‘ಪಹಣಿ’ಗೂ ‘ಅರ್ಜಿ’ಗೂ ಕಚೇರಿಯಲ್ಲಿ ಸ್ಥಳವಿರತಕ್ಕದ್ದು.

ಸಭೆಯ ಅಧ್ಯಕ್ಷರೂ ಪತ್ರಗಳನ್ನು ಅಚ್ಚುಮಾಡುವ ಸಂಪಾದಕರೂ ಈ ಚರ್ಚೆಯಲ್ಲಿ ಮೂರು ನಿಯಮಗಳನ್ನು ಪಾಲಿಸುವುದು ಯುಕ್ತವೆಂದು ನಮಗೆ ತೋರುತ್ತದೆ. ಒಂದನೆಯದು, ಕೇಳುವವರಿಗೆ ತಿಳಿಯುವ ಶಬ್ದವನ್ನು ಅದರ ಹುಟ್ಟಿನ ಕಾರಣದಿಂದ ಯಾರೂ ತಡೆಯಕೂಡದು. ತಿಳಿಯದ ಶಬ್ದವನ್ನು, ಅದು ಎಷ್ಟೇ ಪ್ರಾಚೀನವಾಗಿರಲಿ, ಆಡಿದವನೇ ಬಿಡಿಸಿ ಹೇಳಬೇಕು. ಎರಡನೆಯದು, ಇದಕ್ಕಿಂತ ಒಳ್ಳೆಯ ಶಬ್ದವುಂಟೆನ್ನುವವನು ಅದನ್ನು ಮುಂದಿಡಲಿ. ಆಡುವ ಜನರು ಆರಿಸಿಕೊಳ್ಳುವರು. ಮೂರನೆಯದು, ಶಬ್ದದಿಂದ ಆಡಿದವನ ಜಾತಿಮತಗಳಿಗೆ ಕೈಹಾಕಿದವನನ್ನು ಆ ಕ್ಷಣದಲ್ಲಿಯೇ ತಡೆಯಬೇಕು. ಅವನು ನಮ್ಮ ಪಕ್ಷದವನಾಗಿದ್ದರೆ ಮೊದಲು ತಡೆಯಬೇಕು. ಅಧ್ಯಕ್ಷನ ಗಂಟೆಯಿರುವುದು ನಿಂದೆಗಾಗಿ, ನಿಘಂಟಿಗಾಗಿ ಅಲ್ಲ.

ಅಧಿಕಾರಿವರ್ಗದಲ್ಲಿಯೂ ನಮ್ಮದೊಂದು ಬಿನ್ನಹವುಂಟು. ಪ್ರಕಟಣೆಗೆ ರುಜು ಹಾಕುವ ಮೊದಲು ಬಾಗಿಲ ಬಳಿ ಕಾದಿರುವ ಹಳ್ಳಿಗನೊಬ್ಬನನ್ನು ಒಳಗೆ ಕರೆದು, ಅದನ್ನು ಗಟ್ಟಿಯಾಗಿ ಓದಿ ಹೇಳಿ, ಅವನಿಗೆ ಏನು ತಿಳಿಯಿತೆಂದು ಕೇಳಬೇಕು. ಅವನು ತಲೆಯಾಡಿಸಿ ತನ್ನ ಮಾತಿನಲ್ಲಿ ಅದನ್ನು ತಿರುಗಿ ಹೇಳಿದರೆ ಆ ಕಾಗದವು ಕನ್ನಡದಲ್ಲಿದೆ. ಹೇಳಲಾರದೆ ಹೋದರೆ, ಅಕ್ಷರಗಳು ಯಾವುವಾದರೂ ಆಗಲಿ, ಅದನ್ನು ಇನ್ನೊಮ್ಮೆ ಬರೆಯಿಸಬೇಕು.