ಎರೆ ನೆಲದ ಮೇಲೆ ಹುಲ್ಲಿನ ಮೈದಾನ

ಹುನಗುಂದದ ಎರೆ ಹೊಲ ಬೇಸಿಗೆಯಲ್ಲಿ ನೋಡಿ: ಕೈ ಇಳಿಯುವಷ್ಟು ಬಿರುಕು. ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ ಕಾಲಿಗೆ ಮೆತ್ತುತ್ತದೆ. ಇದರ ಮೇಲೆ ನೇರವಾಗಿ ಹುಲ್ಲು ಹಚ್ಚಿದರೆ ಮೈದಾನ ಸಮತಟ್ಟಾಗಿ ಉಳಿಯುವುದಿಲ್ಲ.

ಹಾಗಾಗಿ ಮೊದಲ ಖರ್ಚು ನೆಲದಡಿಗೆ. ಎರೆ ತೆಗೆದು, ತೂತಿನ ಪೈಪು ಹೂತು, ಮೇಲೆ ಖಡಿ ಹಾಸಿ. ಇಳಕಲ್ ಸುತ್ತ ಖಡಿಗೇನೂ ಬರವಿಲ್ಲ. ಅದರ ಮೇಲೆ ಸುಮಾರು 30 ಸೆಂ.ಮೀ. ಮರಳು ಬೆರೆತ ಮಣ್ಣು. ನಡುಭಾಗ ತುಸು ಎತ್ತರವಿರಲಿ, ನೀರು ಅಂಚಿಗೆ ಹರಿಯಬೇಕು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2017ರಲ್ಲಿ ನೆಲದಡಿಯಿಂದಲೇ ನೀರು ಹೀರುವ ಸಬ್‌ಏರ್ ವ್ಯವಸ್ಥೆ ಬಂತು. ತಾಲ್ಲೂಕು ಮೈದಾನಕ್ಕೆ ಅಷ್ಟೆಲ್ಲ ಬೇಡ.

ಹುಲ್ಲು ಯಾವುದು? ರೈತರು ಬೈದು ಕೀಳುವ ಕರಕಿಯೇ! ಬಿಸಿಲಿಗೆ ಜಗ್ಗದು, ತುಳಿದರೂ ಚಿಗುರುತ್ತದೆ. ಬೇರೂರಿದ ಮೇಲೆ ದಿನಾ ಚಿಮುಕಿಸಬೇಡಿ. ಬಿಟ್ಟುಬಿಟ್ಟು, ಆಳಕ್ಕಿಳಿಯುವಂತೆ ನೀರುಣಿಸಿ. ಕತ್ತರಿಸುವಾಗ ಒಮ್ಮೆಗೆ ಎತ್ತರದ ಮೂರನೇ ಒಂದು ಭಾಗ ಮಾತ್ರ.