ಸ್ಕಿಜೋಫ್ರೇನಿಯಾ: ಫೋನಿನಿಂದ ಕಳಂಕ ಹೋದೀತೇ?

ಸ್ಕಿಜೋಫ್ರೇನಿಯಾ ಇದ್ದವರನ್ನು ಎಷ್ಟೋ ಮನೆಗಳು ಮರೆಮಾಡುವುದು ‘ಜನ ಏನಂದಾರು’ ಎಂಬ ಅಂಜಿಕೆಯಿಂದ. ಚಿಕ್ಕನಾಯಕನಹಳ್ಳಿಯ ಪಕ್ಕದ ತುರುವೇಕೆರೆಯಲ್ಲಿ, ಮಲೆನಾಡಿನ ತೀರ್ಥಹಳ್ಳಿಯಲ್ಲಿ ನಿಮ್ಹಾನ್ಸ್ ತಂಡ ಇಂಥವರನ್ನು ಊರಲ್ಲೇ ಗುರುತಿಸಿ ಚಿಕಿತ್ಸೆ ಕೊಟ್ಟಿತು. ತೀರ್ಥಹಳ್ಳಿಯ ಅಧ್ಯಯನದಲ್ಲಿ, ಔಷಧಿ ಪಡೆದವರ ದಿನನಿತ್ಯದ ಬದುಕು ಪಡೆಯದವರಿಗಿಂತ ಸುಧಾರಿಸಿತ್ತು. ಹಾಗಾಗಿ ಮೊದಲ ಹೆಜ್ಜೆಯ ಹಿಂಜರಿಕೆ ಕಳೆಯುವುದೇ ಮುಖ್ಯ. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ಮನೆಯಿಂದಲೇ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

‘ಫೋನು ಕಳಂಕವನ್ನು ಇನ್ನಷ್ಟು ಮುಚ್ಚಿಡುವುದಿಲ್ಲವೇ?’ ಆಕ್ಷೇಪ ನ್ಯಾಯವಾದದ್ದೇ. ಗುಟ್ಟಿನ ಕರೆಯಿಂದ ಊರಿನ ಮನಸ್ಸು ಬದಲಾಗದು. ಆದರೆ ‘ಇದು ನನ್ನ ತಪ್ಪಲ್ಲ’ ಎಂಬ ಧೈರ್ಯ ಆ ಕರೆಯಿಂದ ಬರಬಲ್ಲದು. ನೆರೆಹೊರೆ ಬದಲಾಗುವುದು, ಚೇತರಿಸಿಕೊಂಡವರು ತೆಂಗಿನ ತೋಟದ ಕೆಲಸಕ್ಕೆ ಮರಳಿದ್ದನ್ನು ಕಂಡಾಗ. ಅದಕ್ಕೆ ಆಶಾ ಕಾರ್ಯಕರ್ತೆಯ ಭೇಟಿಯೂ ಬೇಕು, ತಾಲ್ಲೂಕು ಆಸ್ಪತ್ರೆಯಲ್ಲಿ ತಪ್ಪದೆ ಮಾತ್ರೆಯೂ ಸಿಗಬೇಕು.