ಮಂತ್ರಿಯ ಕಾಲಾಳಿನ ಹೊಸ ಪ್ರತಿಷ್ಠೆ

ಚದುರಂಗದಲ್ಲಿ ಇನ್ನು ಕಂಡುಹಿಡಿಯತಕ್ಕದ್ದೇನೂ ಉಳಿದಿಲ್ಲವೆಂದು ಪಂಡಿತರು ನಿಟ್ಟುಸಿರುಬಿಟ್ಟದ್ದು ಒಂದೆರಡು ಸಲವಲ್ಲ. 1927ರಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ ಕಾಪಾಬ್ಲಾಂಕಾ ಮತ್ತು ಅಲೆಖಿನ್ ಎಂಬ ಮಹಾರಥರಿಬ್ಬರು ಜಗಜ್ಜೇತ ಪದವಿಗಾಗಿ ಸೆಣಸಿದಾಗ, ಆಡಿದ 34 ಆಟಗಳಲ್ಲಿ 32 ಆಟಗಳು ಒಂದೇ ಜಾಡಿನಲ್ಲಿ ಮೊದಲಾದವು. ನಾವು ಮಂತ್ರಿಯೆಂದೂ ಐರೋಪ್ಯರು ರಾಣಿಯೆಂದೂ ಕರೆಯುವ ಕಾಯಿಯ ಮುಂದಿನ ಕಾಲಾಳು ಎರಡು ಮನೆ ನಡೆಯುವುದು. ಅದರ ಪಕ್ಕದ ಕಾಲಾಳನ್ನು ಬಲಿಯಾಗಿ ಒಡ್ಡುವುದು. ಎದುರಾಳಿಯು ಆ ಬಲಿಯನ್ನು ಸ್ವೀಕರಿಸದೆ ನಿಲ್ಲುವುದು: ಇದೇ ಆ ಜಾಡು. ಅಂದು 25 ಆಟಗಳು ಸಮವಾಗಿ ಮುಗಿದವು. ಆಟವೇ ಸಮಸ್ಥಿತಿಯಲ್ಲಿ ಸತ್ತುಹೋದೀತೆಂದು ಶಂಕಿಸಿ ಕಾಪಾಬ್ಲಾಂಕಾ ಅವರು ಆ ವರುಷಗಳಲ್ಲಿ ಹಾಸನ್ನು ಹಿರಿದುಮಾಡಿ ಹೊಸ ಕಾಯಿಗಳನ್ನು ಸೇರಿಸಬೇಕೆಂದು ಸೂಚಿಸಿದ್ದರು.

ತೊಂಬತ್ತು ವರುಷಗಳ ತರುವಾಯ ಅದೇ ಶಂಕೆಯು ಇಮ್ಮಡಿಯಾಗಿ ಮರಳಿತು. 2017ರ ಡಿಸೆಂಬರಿನಲ್ಲಿ ಆಲ್ಫಾಝೀರೋ ಎಂಬ ಗಣಕದ ಸುದ್ದಿಯು ಪ್ರಕಟವಾಯಿತು. ನಿಯಮಗಳ ಹೊರತು ಬೇರೇನನ್ನೂ ಹೇಳಿಸಿಕೊಳ್ಳದೆ, ತನ್ನೊಡನೆ ತಾನೇ ಆಡಿ ಕಲಿತ ಆ ಯಂತ್ರವು ಸ್ಟಾಕ್‌ಫಿಶ್ ಎಂಬ ಪ್ರಬಲ ಗಣಕದೊಡನೆ 100 ಆಟಗಳನ್ನಾಡಿ 28ನ್ನು ಗೆದ್ದಿತು, ಒಂದನ್ನಾದರೂ ಸೋಲಲಿಲ್ಲ. 2020ರಲ್ಲಿ ಸ್ಟಾಕ್‌ಫಿಶ್ ಸಹ ನರಜಾಲದ ವಿದ್ಯೆಯನ್ನು ಅಳವಡಿಸಿಕೊಂಡಿತು. ಅದಾದರೋ ಯಾರಿಗೂ ಬೆಲೆಯಿಲ್ಲದೆ ದೊರೆಯತಕ್ಕ ವಸ್ತು. ಹೀಗೆ ಒಬ್ಬನ ಗುಟ್ಟು ಎಲ್ಲರ ಸೊತ್ತಾಯಿತು. ಇದರ ನಡುವೆ, 2018ರಲ್ಲಿ ಲಂಡನ್ನಿನಲ್ಲಿ ಕಾರ್ಲ್‌ಸನ್ ಮತ್ತು ಕರುವಾನಾ ಅವರು ಆಡಿದ 12 ದೀರ್ಘ ಆಟಗಳೂ ಸಮವಾಗಿಯೇ ಮುಗಿದಿದ್ದವು.

ಹಾಗಾದರೆ ಆರಂಭದ ನಡೆಗಳ ಶಾಸ್ತ್ರವು ಮುಗಿದುಹೋಯಿತೆ? ಇಲ್ಲವೆಂದೇ ಹೇಳಬೇಕಾಗಿದೆ. ಆದರೆ ಅದರ ಗುರಿಯು ಬದಲಾಗಿದೆ.

ಮೊದಲನೆಯದಾಗಿ, ಯಂತ್ರವು ಹಳೆಯ ಗುರುಗಳ ಕೆಲವು ನಿಷೇಧಗಳನ್ನು ಸಡಿಲಿಸಿದೆ. ಆರಂಭದಲ್ಲಿ ಅಂಚಿನ ಕಾಲಾಳನ್ನು ಮುಟ್ಟಬಾರದೆಂಬುದು ಎಳೆಯರಿಗೆ ಹೇಳಿಕೊಡುತ್ತಿದ್ದ ಪಾಠ. ಈಗಲಾದರೋ ಕರಿಯ ಪಕ್ಷದವನು ರಾಜನ ಕಡೆಯ ಒಂಟೆಗೆ ದಾರಿಯಾಗುವಂತೆ ಕುದುರೆಯ ಮುಂದಿನ ಕಾಲಾಳನ್ನು ಸರಿಸಿದೊಡನೆ, ಬಿಳಿಯ ಪಕ್ಷದವನು ಮೂರನೆಯ ನಡೆಯಲ್ಲಿಯೇ ಅಂಚಿನ ಕಾಲಾಳನ್ನು ಎರಡು ಮನೆ ನುಗ್ಗಿಸುವುದನ್ನು ಶ್ರೇಷ್ಠ ಆಟಗಾರರಲ್ಲಿಯೂ ಕಾಣುತ್ತೇವೆ.

ಎರಡನೆಯದು ಇನ್ನೂ ಸ್ವಾರಸ್ಯವಾದುದು. ಪಕ್ಕದ ಕಾಲಾಳನ್ನು ಬಲಿಯೊಡ್ಡದೆ, ಮಂತ್ರಿಯ ಕಾಲಾಳನ್ನಷ್ಟೇ ನಡೆಸಿ ಕಾಯಿಗಳನ್ನು ಮೆಲ್ಲನೆ ಜೋಡಿಸುವ ಸಾಧು ವ್ಯೂಹಗಳಿವೆ. ಮಂತ್ರಿಯ ಕಡೆಯ ಒಂಟೆಯನ್ನು ಮೊದಲೇ ಹೊರತಂದು, ಅದರ ಹಿಂದೆ ಕಾಲಾಳುಗಳ ಗೋಡೆ ಕಟ್ಟುವುದು ಲಂಡನ್ ಪದ್ಧತಿ. 1922ರ ಲಂಡನ್ ಪಂದ್ಯಾವಳಿಯಿಂದ ಅದಕ್ಕೆ ಆ ಹೆಸರು. ಆ ಒಂಟೆಯನ್ನು ಗೋಡೆಯ ಒಳಗೇ ಇರಿಸಿಕೊಂಡು ಸಮಯ ನೋಡಿ ರಾಜನ ಕಾಲಾಳನ್ನು ಮುಂದೊತ್ತುವುದು ಬೆಲ್ಜಿಯಮ್ಮಿನ ಕೋಲೆ ಅವರ ಪದ್ಧತಿ. ಅಂಜುಬುರುಕರ ಆಟವೆಂದು ಇವುಗಳನ್ನು ಬಹುಕಾಲ ಹಳಿದದ್ದುಂಟು. ಆದರೆ 2023ರಲ್ಲಿ ಅಸ್ತಾನಾ ನಗರದಲ್ಲಿ ನೆಪೊಮ್ನಿಯಾಚಿ ಅವರೊಡನೆ ಸೆಣಸಿದ ಚೀನದ ಡಿಂಗ್ ಲಿರೆನ್ ಅವರು, ದೀರ್ಘ ಆಟಗಳಲ್ಲಿ ಪಡೆದ ಮೂರು ಜಯಗಳಲ್ಲಿ ಆರನೆಯ ಆಟದ್ದನ್ನು ಲಂಡನ್ ಪದ್ಧತಿಯಿಂದಲೂ ಹನ್ನೆರಡನೆಯದರದ್ದನ್ನು ಕೋಲೆ ಪದ್ಧತಿಯಿಂದಲೂ ಸಂಪಾದಿಸಿ, ಕೊನೆಗೆ ಜಗಜ್ಜೇತರಾದರು.

ಇದರ ಕಾರಣವು ಸ್ಪಷ್ಟವಾಗಿದೆ. ರಾಜಮಾರ್ಗದಲ್ಲಿ ಇಪ್ಪತ್ತು ನಡೆಗಳವರೆಗೆ ಇಬ್ಬರೂ ಯಂತ್ರದಿಂದ ಕಂಠಪಾಠ ಮಾಡಿ ಬಂದಿರುವರು. ಕಾಲುದಾರಿಯಲ್ಲಿ ಬಿಳಿಯ ಪಕ್ಷಕ್ಕೆ ಹೇಳಿಕೊಳ್ಳತಕ್ಕ ಲಾಭವಿಲ್ಲವಾದರೂ, ಇಬ್ಬರೂ ಬೇಗನೆ ಸ್ವಂತ ಬುದ್ಧಿಯಿಂದ ಯೋಚಿಸಲೇಬೇಕಾಗುವುದು. ಹೊಸತೆಂಬ ಮಾತ್ರಕ್ಕೆ ಜಯವಿಲ್ಲವೆಂಬುದಕ್ಕೂ ಅಸ್ತಾನಾವೇ ಸಾಕ್ಷಿ. ಎರಡನೆಯ ಆಟದಲ್ಲಿ ಇದೇ ಡಿಂಗ್ ಅವರು ನಾಲ್ಕನೆಯ ನಡೆಯಲ್ಲಿ ಅಂಚಿನ ಕಾಲಾಳನ್ನು ಒಂದು ಮನೆ ಸರಿಸಿ ಎಲ್ಲರನ್ನೂ ಬೆರಗುಗೊಳಿಸಿದರು. 29 ನಡೆಗಳಲ್ಲಿ ಸೋತರು.

ಮರುವರುಷ ಸಿಂಗಪುರದಲ್ಲಿ ನಮ್ಮ ದೇಶದ ತರುಣ ಗುಕೇಶರು ಅದೇ ಡಿಂಗ್ ಅವರ ಎದುರು ತಮ್ಮ ಮೊದಲ ಜಯವನ್ನು ಮೂರನೆಯ ಆಟದಲ್ಲಿ ಗಳಿಸಿದರು. ಆರಂಭವು ಮಂತ್ರಿಯ ಕಾಲಾಳಿನದೇ; ನಾಲ್ಕನೆಯ ನಡೆಯಲ್ಲಿಯೇ ಕಾಲಾಳುಗಳನ್ನು ವಿನಿಮಯ ಮಾಡಿಕೊಳ್ಳುವ ಹಳೆಯ ದಾರಿ. ಎರಡು ಗಂಟೆಗಳಲ್ಲಿ 40 ನಡೆಗಳನ್ನು ಮುಗಿಸಬೇಕಾಗಿದ್ದ ಆ ಆಟದಲ್ಲಿ, ಇಕ್ಕಟ್ಟಿನ ಸ್ಥಿತಿಯಲ್ಲಿದ್ದ ಡಿಂಗ್ ಅವರ ಗಡಿಯಾರವು 37ನೆಯ ನಡೆಯ ಹೊತ್ತಿಗೆ ತೀರಿಹೋಯಿತು. 2024ರ ಡಿಸೆಂಬರ್ 12ರಂದು ಗುಕೇಶರು 18ನೆಯ ವಯಸ್ಸಿನಲ್ಲಿ ಜಗಜ್ಜೇತರಾದರು.

ಈ ಪ್ರಸಂಗದಲ್ಲಿ ಪಂಜಾಬಿನ ಮೀರ್ ಸುಲ್ತಾನ್ ಖಾನರನ್ನು ನೆನೆಯದಿರಲಾಗದು. ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಸರಿಯುವ ನಮ್ಮ ದೇಶೀಯ ಪದ್ಧತಿಯಲ್ಲಿ ಪಳಗಿದ ಅವರು 1929, 1932 ಮತ್ತು 1933ರಲ್ಲಿ ಬ್ರಿಟನ್ನಿನ ಜೇತರಾದರು. 1930-31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಅವರು ಸಾಕ್ಷಾತ್ ಕಾಪಾಬ್ಲಾಂಕಾ ಅವರನ್ನೇ ಸೋಲಿಸಿದರಷ್ಟೆ.  ವಿಶ್ವ ಚದುರಂಗ ಸಂಸ್ಥೆಯು ಅವರಿಗೆ ಗ್ರಾಂಡ್‌ಮಾಸ್ಟರ್ ಗೌರವವನ್ನು ಸಲ್ಲಿಸಿದ್ದು 2024ರಲ್ಲಿ, ಅವರು ತೀರಿಕೊಂಡು ಎಷ್ಟೋ ದಶಕಗಳಾದ ಮೇಲೆ!

ಮಕ್ಕಳ ಕೈಗೆ ಚದುರಂಗದ ಹಾಸನ್ನು ಕೊಡುವ ತಂದೆತಾಯಿಗಳೂ ಉಪಾಧ್ಯಾಯರೂ ಇಷ್ಟನ್ನು ಗಮನಿಸಬೇಕು. ಯಂತ್ರವು ಹೇಳಿದ ನಡೆಯನ್ನು ಉರುಹೊಡೆಯುವುದು ವಿದ್ಯೆಯಲ್ಲ. ಎದುರಿನವನೂ ಅದನ್ನೇ ಉರುಹೊಡೆದಿರುವನು. ಆ ನಡೆಯು ಏಕೆ ಸರಿಯೆಂದು ಕೇಳುವ ಅಭ್ಯಾಸವೇ ವಿದ್ಯೆ. ಪಾಠವು ಮುಗಿದ ನಡೆಯಿಂದಲೇ ಆಟವು ಮೊದಲಾಗುವುದು.